ಗೆರೆ ತೆಗೆದ ಸಿಲಿಂಡರು

ನಮ್ಮ ಕಸುಬಿನಲ್ಲಿ ಸಿಲಿಂಡರಿನೊಳಗೆ ಗೆರೆ ಕಂಡರೆ ಅದು ರೋಗ. ಟಿಪ್ಪರಿನದಾಗಲಿ, ಕ್ರೇನಿನದಾಗಲಿ, ಪಿಸ್ಟನ್ ಓಡಾಡುವ ಒಳಗೋಡೆ ಕನ್ನಡಿಯ ಹಾಗೆ ಇರಬೇಕು. ಕೂದಲೆಳೆಯಷ್ಟು ಗೆರೆ ಬಿದ್ದರೂ ಎಣ್ಣೆ ಪಿಸ್ಟನ್ನನ್ನು ದಾಟಿ ಆ ಕಡೆಗೆ ಹೋಗುತ್ತದೆ, ಎತ್ತಿದ ಭಾರ ತಾನಾಗಿ ಇಳಿಯುತ್ತದೆ. ಹೊಸಕೋಟೆ ಸುತ್ತಮುತ್ತ ಅಂಥ ಸಿಲಿಂಡರುಗಳು ಕೊನೆಗೆ ಬಂದು ಬೀಳುವುದು ನಮ್ಮಂಥ ಶೆಡ್ಡುಗಳಿಗೆ. ನಮ್ಮಲ್ಲಿ ಬಿಚ್ಚಿ, ಅಳತೆ ತೆಗೆದು, ಜಾಬ್ ಕಾರ್ಡ್ ಬರೆಯುವವಳು ನಾನು. ಲೇತಿನ ಮೇಲೆ ಕೊರೆದು ಗೆರೆ ತೆಗೆದು ನಯ ಮಾಡುವವರು ನಮ್ಮ ಭಾವ, ಅಂದರೆ ನನ್ನ ಗಂಡನ ಅಣ್ಣ. ಗೆರೆಯ ಮೇಲೆ ನಮಗಿಬ್ಬರಿಗೂ ಇರುವ ಹಗೆ ಎಷ್ಟು ಹಳೆಯದೆಂದರೆ, ಅದನ್ನು ಕಂಡಾಗ ಯೋಚನೆ ಮಾಡುವುದನ್ನೇ ಬಿಟ್ಟಿದ್ದೆವು. ಫಿರಂಗಿಯ ವಿಷಯದಲ್ಲಿ ನಾವು ಮುಗ್ಗರಿಸಿದ್ದು ಅಲ್ಲಿಯೇ.

ಫಿರಂಗಿ ಬಂದದ್ದು ಲಾರಿಯಲ್ಲಿ, ಅವರೆಕಾಯಿ ಕಾಲದ ಒಂದು ಬೆಳಿಗ್ಗೆ. ನೂರು ವರ್ಷಕ್ಕೂ ಹಳೆಯದು. ಮರದ ಚಕ್ರ, ಕಬ್ಬಿಣದ ಪಟ್ಟಿ, ಮೈತುಂಬ ಬೆಳ್ಳಿ ಬಣ್ಣ. ಎಷ್ಟೋ ಕಾಲ ಯಾವುದೋ ಕಟ್ಟಡದ ಮುಂದೆ ಕಟ್ಟೆಯ ಮೇಲೆ ನಿಂತಿತ್ತಂತೆ, ವರ್ಷಕ್ಕೊಂದು ಸಲ ಬಣ್ಣ ಹಚ್ಚಿಸಿಕೊಳ್ಳುತ್ತ. ಲಾರಿಯ ಮುಂದಿನ ಸೀಟಿನಿಂದ ಇಳಿದವರು ಸಮೇತನಹಳ್ಳಿ ಕಡೆಯ ಒಬ್ಬ ನಿವೃತ್ತ ಸುಬೇದಾರರು. ಎಂಬತ್ತರ ಹತ್ತಿರದ ವಯಸ್ಸು, ನೆಟ್ಟಗಿನ ಬೆನ್ನು, ನಿಲ್ಲದೆ ನಡುಗುವ ಕೈ. ಸೈನ್ಯದಲ್ಲಿ ಫಿರಂಗಿ ರಿಪೇರಿಯ ಫಿಟ್ಟರ್ ಆಗಿದ್ದವರು, ಕೆಲಸ ಕಲಿತದ್ದು ಇಂಥದೇ ಹಳೆಯ ಗನ್ನಿನ ಮೇಲೆ. ಈಗ ಅವರೂ ಅವರಂಥ ನಾಲ್ಕು ಜನ ಮಾಜಿ ಸೈನಿಕರೂ ಸೇರಿ ಊರಿನ ಬಳಿ ಒಂದು ಸಣ್ಣ ಪ್ರದರ್ಶನದ ಜಾಗ ಮಾಡುತ್ತಿದ್ದರು.

"ಗುಂಡು ಹಾರ್ಸೋಕಲ್ಲಮ್ಮ," ಎಂದರು. "ಬಾಯಿಗೆ ಬೆಸುಗೆ ಹಾಕಿ ಎಷ್ಟೋ ಕಾಲ ಆಯ್ತು. ಬ್ಯಾರೆಲ್ನ ಹಿಂದಕ್ಕೆ ಎಳ್ದು ಬಿಟ್ರೆ ತಾನಾಗಿ ಮುಂದಕ್ಕೆ ಬಂದು ಕೂತ್ಕೋಬೇಕು. ಶಾಲೆ ಮಕ್ಳು ನೋಡ್ಬೇಕು. ನಾನೂ ಇನ್ನೊಂದ್ಸಲ ನೋಡ್ಬೇಕು. ಈ ಕೈ ಮಾತು ಕೇಳೋ ಹಂಗಿದ್ದಿದ್ರೆ ನಿಮ್ಮತ್ರ ಬರ್ತಿರ್ಲಿಲ್ಲ."

ಹೋಗುವಾಗ ಭಾವನ ಕಡೆ ತಿರುಗಿ, "ಸಿಲಿಂಡರ್ ಹುಷಾರು. ಇನ್ನೊಂದು ಎಲ್ಲೂ ಸಿಗಲ್ಲ," ಎಂದರು. ನಾವಿಬ್ಬರೂ ತಲೆಯಾಡಿಸಿದೆವು. ಗಿರಾಕಿಗಳೆಲ್ಲ ಹಾಗೆಯೇ ಹೇಳುತ್ತಾರೆ.

ಅದರ ಕೆಲಸ ನನಗೆ ಮೊದಲ ದಿನ ಅರ್ಥವಾದದ್ದು ಇಷ್ಟು. ಇನ್ನೂ ಹಳೆಯ ಕಾಲದ ಫಿರಂಗಿ ಗುಂಡು ಹಾರಿದ ಹೊಡೆತಕ್ಕೆ ಗಾಡಿ ಸಮೇತ ಹಿಂದಕ್ಕೆ ನೆಗೆಯುತ್ತಿತ್ತು. ಜನ ಅದನ್ನು ತಳ್ಳಿಕೊಂಡು ಬಂದು ಮತ್ತೆ ಗುರಿ ಇಡಬೇಕಿತ್ತು. ಇದರಲ್ಲಿ ಹಾಗಲ್ಲ. ಗಾಡಿ ನಿಂತಲ್ಲೇ ನಿಲ್ಲುತ್ತದೆ, ಬ್ಯಾರೆಲ್ ಮಾತ್ರ ತೊಟ್ಟಿಲಿನಂಥ ಒಂದು ಜಾಡಿನ ಮೇಲೆ ಮೂರೂವರೆ ಅಡಿ ಹಿಂದಕ್ಕೆ ಜಾರುತ್ತದೆ. ಬ್ಯಾರೆಲ್ಲಿನ ನೆತ್ತಿಯ ಮೇಲೆ ಎಣ್ಣೆ ತುಂಬಿದ ಒಂದು ಸಿಲಿಂಡರು, ಅದರ ಸುತ್ತ ಉದ್ದದ ಸ್ಪ್ರಿಂಗುಗಳು. ಸಿಲಿಂಡರ್ ಬ್ಯಾರೆಲ್ಲಿನ ಜೊತೆ ಹಿಂದೆ ಹೋಗುತ್ತದೆ. ಒಳಗಿನ ಪಿಸ್ಟನ್ ಮತ್ತು ರಾಡು ಮುಂದಿನ ತುದಿಗೆ ಕಚ್ಚಿಕೊಂಡು ಅಲ್ಲೇ ನಿಲ್ಲುತ್ತವೆ. ಹೊಡೆತ ತಿನ್ನುವುದು ಎಣ್ಣೆ, ಬ್ಯಾರೆಲ್ಲನ್ನು ವಾಪಸ್ ತರುವುದು ಸ್ಪ್ರಿಂಗು. ಅರ್ಥವಾಯಿತು ಎಂದುಕೊಂಡೆ. ಎಣ್ಣೆ ಹೊಡೆತವನ್ನು ಹೇಗೆ ತಿನ್ನುತ್ತದೆ ಎಂದು ಮಾತ್ರ ಕೇಳಿಕೊಳ್ಳಲಿಲ್ಲ.

ಬಿಚ್ಚುವುದಕ್ಕೇ ಎರಡು ದಿನ ಹಿಡಿಯಿತು. ಸ್ಪ್ರಿಂಗುಗಳು ಸುಮ್ಮನಿದ್ದಾಗಲೂ ಅದುಮಿಕೊಂಡೇ ಕೂತಿರುತ್ತವೆ. ಮುಂದಿನ ಮುಚ್ಚಳ ಒಮ್ಮೆಗೇ ತೆಗೆದರೆ ಎದುರಿಗಿದ್ದವರ ಎದೆ ಒಡೆಯುತ್ತದೆ. ಭಾವ ಆರು ಅಡಿ ಉದ್ದಕ್ಕೂ ಥ್ರೆಡ್ ಕೊಯ್ದ ಸರಳು ಮಾಡಿ, ಅದರಿಂದ ಮುಚ್ಚಳವನ್ನು ತಡೆದು, ನಟ್ಟನ್ನು ಅರ್ಧರ್ಧ ಸುತ್ತು ಬಿಡುತ್ತ ಬಂದರು. ನಾನು ಪಕ್ಕದಲ್ಲಿ ನಿಂತು ಮುಚ್ಚಳ ಓರೆಯಾಗುತ್ತಿದೆಯೇ ಎಂದು ನೋಡುತ್ತಿದ್ದೆ. ಮಧ್ಯದಲ್ಲಿ ಎರಡು ಸಲ ಕರೆಂಟು ಹೋಯಿತು, ನನ್ನ ಮಂಡಿ ಹಿಡಿದುಕೊಂಡಿತು. ಸಿಲಿಂಡರ್ ಹೊರಗೆ ಬಂದಾಗ ಒಳಗೆ ಎಣ್ಣೆಯೇನೂ ಇರಲಿಲ್ಲ, ಡಾಂಬರಿನಂಥ ಕರಿ ಅಂಟು ಮತ್ತು ತುಕ್ಕು.

ತೊಳೆದು ಟಾರ್ಚ್ ಹಾಕಿ ನೋಡಿದೆ. ಉದ್ದಕ್ಕೂ ನಾಲ್ಕು ಗೆರೆ. ಅಂಚು ತುಕ್ಕು ತಿಂದು ಮುಕ್ಕಾಗಿತ್ತು. ನಾಲ್ಕೂ ಒಂದಕ್ಕೊಂದು ಸಮ ದೂರದಲ್ಲಿ ಇರುವುದು ಕಣ್ಣಿಗೆ ಬಿತ್ತು. ಬಿದ್ದಿತ್ತು ಎಂದು ಒಪ್ಪಿಕೊಳ್ಳುತ್ತೇನೆ. ಆದರೆ ಅದು ಆ ದಿನ ನಾನು ನೋಡುತ್ತಿದ್ದ ಎಂಟನೆಯ ಸಿಲಿಂಡರು. ಪಿಸ್ಟನ್ನಿನ ಮುರಿದ ಚೂರು ಸಿಕ್ಕಿಕೊಂಡು ಉಜ್ಜಿರಬೇಕು ಎಂದು ನನಗೆ ನಾನೇ ಹೇಳಿಕೊಂಡು ಮುಂದಕ್ಕೆ ಹೋದೆ.

ಗೆರೆಯ ಆಳವನ್ನು ಎರಡೆರಡು ಇಂಚಿಗೆ ಅಳೆದು ಜಾಬ್ ಕಾರ್ಡಿನಲ್ಲಿ ಬರೆಯುವುದು ನಮ್ಮ ಪದ್ಧತಿ. ನಿಮ್ಮ ಸಿಲಿಂಡರು ಇಷ್ಟು ಕೆಟ್ಟಿತ್ತು ನೋಡಿ ಎಂದು ಗಿರಾಕಿಗೆ ತೋರಿಸಲು ಬೇಕಾಗುತ್ತದೆ. ಅಳೆಯುವ ಡಯಲ್ ಗೇಜನ್ನು ಇಳಿಸುವುದು, ಬೆಳಕಿಗೆ ಬಗ್ಗಿ ಮುಳ್ಳು ನೋಡುವುದು, ನೆಟ್ಟಗಾಗಿ ಬರೆಯುವುದು. ಒಟ್ಟು ಇಪ್ಪತ್ತನಾಲ್ಕು ಜಾಗ. ಹತ್ತು ಮುಗಿಯುವಷ್ಟರಲ್ಲಿ ಸೊಂಟ ಬಿದ್ದುಹೋಗಿತ್ತು. ಹನ್ನೊಂದರಿಂದ ಹದಿನಾಲ್ಕರವರೆಗೆ ಅಳೆಯಲಿಲ್ಲ. ಮೇಲಿನದೇ ಎಂಬ ಅರ್ಥದ ಎರಡು ಗೀಟು ಹಾಕಿ, ಒಂದು ಗುಟುಕು ಕಾಫಿ ಕುಡಿದು, ಹದಿನೈದರಿಂದ ಮತ್ತೆ ಅಳೆದೆ. ಕೊನೆಯ ಕಾಲಮ್ಮಿನಲ್ಲಿ ಎಂದಿನಂತೆ ಬರೆದೆ: "ಸಿಲಿಂಡರ್ ಕೆಟ್ಟಿದೆ. ಗೆರೆ ತೆಗೆಯಬೇಕು."

ಭಾವ ಕಾರ್ಡ್ ನೋಡಿ ಒಮ್ಮೆ ಕೇಳಿದರು. "ಪೂರ್ತಿ ತೆಗ್ದುಬಿಡ್ಲಾ ತಾಯಿ? ಆಳ ಜಾಸ್ತಿ ಐತೆ."

"ಪೂರ್ತಿ ತೆಗೀರಿ ಭಾವ," ಎಂದೆ. ತಲೆ ಎತ್ತಿ ಕೂಡ ನೋಡಲಿಲ್ಲ.

ನಮ್ಮ ಲೇತಿನ ಬೆಡ್ಡು ಹದಿನಾಲ್ಕು ಅಡಿ. ಉದ್ದದ ಸಿಲಿಂಡರನ್ನು ಬೆಡ್ಡಿನ ಮೇಲೆ ಸರಿಯುವ ಕ್ಯಾರೇಜಿಗೆ ಬಿಗಿದು, ಅದರೊಳಗಿಂದ ಒಂದು ದಪ್ಪ ಸರಳನ್ನು ತೂರಿಸಿ, ಸರಳಿಗೆ ಸಿಕ್ಕಿಸಿದ ಟೂಲು ತಿರುಗುತ್ತ ಒಳಗೋಡೆಯನ್ನು ಕೊರೆಯುತ್ತದೆ. ಭಾವ ಎಂಟು ಸುತ್ತು ಕೊರೆದರು. ಟೂಲು ಗೆರೆಯನ್ನು ದಾಟುವಾಗಲೆಲ್ಲ ಟಕ್ ಟಕ್ ಎಂಬ ಸದ್ದು. ಗೆರೆ ಮುಗಿದ ಕಡೆ ಸದ್ದು ನಿಲ್ಲುತ್ತದೆ. ಎಂಟನೆಯ ಸುತ್ತಿನಲ್ಲಿ ಪೂರಾ ನಿಂತಿತು. ಆಮೇಲೆ ಒಂದು ದಿನ ಹೋನಿಂಗ್ ಕಲ್ಲು ಹಾಕಿ ಉಜ್ಜಿ, ಮುಖ ಕಾಣುವ ಹಾಗೆ ಮಾಡಿದರು. ಹಳೆಯ ಪಿಸ್ಟನ್ನಿಗೆ ಸೀಲೇ ಇರಲಿಲ್ಲ. "ಪಾಪ, ಆ ಕಾಲ್ದವ್ರಿಗೆ ರಬ್ಬರ್ ಸೀಲ್ ಎಲ್ಲಿ ಬರ್ಬೇಕು," ಎಂದು ಭಾವ ಲೇತಿನ ಮೇಲೆ ಹೊಸ ಪಿಸ್ಟನ್ ಮಾಡಿ, ಎರಡು ಒಳ್ಳೆಯ ಸೀಲು ಕೂರಿಸಿದರು. ಒಂದು ತೊಟ್ಟೂ ದಾಟದು. ನಮಗೆ ಹೆಮ್ಮೆಯೇ ಆಯಿತು.

ಮತ್ತೆ ಮೂರು ದಿನ ಜೋಡಣೆ. ಎಣ್ಣೆ ತುಂಬಿ, ಗಾಳಿ ತೆಗೆದು, ಫಿರಂಗಿಯ ಹಿಂದೆ ನೆಲಕ್ಕೆ ಚಾಚಿದ ಬಾಲವನ್ನು ಗುಂಡಿಗೆ ಊರಿ, ಶೆಡ್ಡಿನ ಹಿಂದಿನ ಕಂಬಕ್ಕೆ ಚೈನ್ ಪುಲ್ಲಿ ಕಟ್ಟಿ ಬ್ಯಾರೆಲ್ಲನ್ನು ಎಳೆದೆವು. ಸರಪಳಿ ಬಿಗಿಯಿತು. ಚಕ್ರ ಕಿರ್ ಎಂದಿತು. ಬಾಲ ಗುಂಡಿಯಿಂದ ಎದ್ದು, ಇಡೀ ಫಿರಂಗಿ ಕಂಬದ ಕಡೆಗೆ ಒಂದು ಗೇಣು ತೆವಳಿತು. ಬ್ಯಾರೆಲ್ ಮಾತ್ರ ಕೂದಲಷ್ಟೂ ಕದಲಲಿಲ್ಲ.

"ಇದೇನಿದು, ಬಂಡೆ ಆಗ್ಬಿಟ್ಟೈತೆ," ಎಂದರು ಭಾವ.

ಸರಪಳಿಯ ಬಿಗಿ ಹಾಗೆಯೇ ಇಟ್ಟುಕೊಂಡು ಮುಂದಿನ ಎಣ್ಣೆ ಬಿರಡೆಯನ್ನು ಕೊಂಚ ಸಡಿಲಿಸಿದೆ. ಎಣ್ಣೆ ಚಿಮ್ಮಿ ಸೀರೆಯ ಮೇಲೆ ಹಾಕಿಕೊಂಡಿದ್ದ ಕೋಟಿಗೆಲ್ಲ ರಾಚಿತು. ಬ್ಯಾರೆಲ್ ಅಷ್ಟೇ ಅಷ್ಟು ಹಿಂದೆ ಸರಿಯಿತು. ಪಿಸ್ಟನ್ನಿನ ಮುಂದೆ ಸಿಕ್ಕಿಕೊಂಡ ಎಣ್ಣೆಗೆ ಹಿಂದೆ ಹೋಗಲು ದಾರಿಯಿಲ್ಲ, ಅಷ್ಟೇ. ಹಾಗಾದರೆ ನೂರು ವರ್ಷದ ಹಿಂದೆ ಅದು ಯಾವ ದಾರಿಯಲ್ಲಿ ಹೋಗುತ್ತಿತ್ತು?

ಕೈ ಒರೆಸಿಕೊಂಡು ಒಳಗೆ ಹೋಗಿ ಜಾಬ್ ಕಾರ್ಡ್ ತೆಗೆದೆ. ನಾಲ್ಕು ಗೆರೆ, ಸಮ ದೂರ. ಮೊದಲ ಮೂರ್ನಾಲ್ಕನ್ನು ಬಿಟ್ಟರೆ ಆಳದ ಅಂಕಿಗಳು ಕೆಳಕೆಳಗೆ ಬಂದಂತೆ ಚಿಕ್ಕವಾಗುತ್ತ, ಇಪ್ಪತ್ತನಾಲ್ಕನೆಯದಕ್ಕೆ ಸೊನ್ನೆ. ಉಜ್ಜಿ ಬಿದ್ದ ಗೆರೆ ಇಷ್ಟು ಶಿಸ್ತಾಗಿ ಕಡಿಮೆಯಾಗುವುದಿಲ್ಲ. ಅದು ರೋಗವಲ್ಲ, ಬ್ರೇಕು. ಬ್ಯಾರೆಲ್ ಹಿಂದೆ ಬರುತ್ತಿದ್ದಂತೆ ಎಣ್ಣೆ ಆ ನಾಲ್ಕು ಕಾಲುವೆಗಳಲ್ಲಿ ನುಗ್ಗುತ್ತದೆ. ಕಾಲುವೆ ಕಿರಿದಾಗುತ್ತ ಹೋದಷ್ಟೂ ಎಣ್ಣೆ ಇರುಕಿಕೊಂಡು ಬ್ಯಾರೆಲ್ಲಿನ ವೇಗ ಇಳಿಯುತ್ತದೆ. ಕಾಲುವೆ ಮುಗಿಯುವಲ್ಲಿ ಬ್ಯಾರೆಲ್ ನಿಲ್ಲುತ್ತದೆ. ಎಣ್ಣೆ ದಾಟಬಾರದು ಎಂದು ಜೀವಮಾನವಿಡೀ ಹೊಡೆದಾಡಿದ ನಾವು, ಎಣ್ಣೆ ದಾಟುವುದನ್ನೇ ನಂಬಿಕೊಂಡಿದ್ದ ಯಂತ್ರವನ್ನು ಕನ್ನಡಿ ಮಾಡಿ ಕೂರಿಸಿದ್ದೆವು.

ಭಾವನಿಗೆ ಹೇಳಿದೆ. ಅವರು ಲೇತಿನ ಪಕ್ಕದ ಸ್ಟೂಲಿನ ಮೇಲೆ ಕೂತರು. ಆಮೇಲೆ, "ಪಿಸ್ಟನ್ನಿಗೆ ಎರಡು ತೂತು ಹೊಡೆದ್ರೆ ಆಯ್ತು. ಎಣ್ಣೆ ದಾಟ್ತದೆ, ಬ್ಯಾರೆಲ್ ಓಡಾಡ್ತದೆ. ಒಳಗೆ ಏನೈತೆ ಅಂತ ಯಾರು ನೋಡ್ತಾರೆ?" ಎಂದರು.

ನಾನೂ ಅದನ್ನೇ ಯೋಚಿಸುತ್ತಿದ್ದೆ. ತೂತು ಉದ್ದಕ್ಕೂ ಒಂದೇ ಅಳತೆ. ಕಾಲುವೆಯ ಹಾಗೆ ದೊಡ್ಡದು ಚಿಕ್ಕದು ಆಗುವುದಿಲ್ಲ. ಆದರೂ ನೋಡುವ ಕಣ್ಣಿಗೆ ಬ್ಯಾರೆಲ್ ಹೋಗುತ್ತದೆ, ಬರುತ್ತದೆ. ಸುಸ್ತಾದವರಿಗೆ ಅಷ್ಟು ಸಾಕು. "ಗುರುತು ಹಾಕಿ ಭಾವ, ಊಟ ಮಾಡಿ ಬರ್ತೀನಿ," ಎಂದೆ.

ಡಬ್ಬಿ ಬಿಚ್ಚಿದಾಗಲೇ ಸುಬೇದಾರರ ಫೋನು.

"ಅಮ್ಮಾ, ಮೊನ್ನೆ ಹೇಳೋದು ಮರ್ತೆ. ಸಿಲಿಂಡರ್ ಒಳಗೆ ಗೆರೆ ಇದೆಯಲ್ಲ, ಅದನ್ನ ಚೆನ್ನಾಗಿ ತೊಳ್ಸಿದ್ರಾ? ಒಂದು ಚೂರು ತುಕ್ಕು ಉಳ್ಕೊಂಡ್ರೂ ಬ್ರೇಕ್ ಸಮ ಹಿಡಿಯಲ್ಲ."

ಅನ್ನ ಕೈಯಲ್ಲೇ ಉಳಿಯಿತು. ತೊಳೆಸಿದ್ದೇವೆ ಎಂದು ಹೇಳಬಹುದಿತ್ತು, ಸುಳ್ಳೂ ಆಗುತ್ತಿರಲಿಲ್ಲ. "ನಾಳೆ ನಾನೇ ಮನೆ ಹತ್ರ ಬರ್ತೀನಿ ಸರ್," ಎಂದೆ. ಫೋನಿಟ್ಟು ಶೆಡ್ಡಿಗೆ ಹೋಗಿ ಡ್ರಿಲ್ಲಿಂಗ್ ಯಂತ್ರದ ಸ್ವಿಚ್ ಆರಿಸಿದೆ. ಭಾವನಿಗೆ ಫೋನಿನ ವಿಷಯ ಹೇಳಿ, ನಾಳೆ ಹೋಗಿ ಒಪ್ಪಿಕೊಳ್ಳುತ್ತೇನೆ ಎಂದೆ. "ಹೋದಾಗ ನನ್ನ ಹೆಸರೂ ಹೇಳು. ತೆಗ್ದಿದ್ದು ನಾನೇ ತಾನೇ," ಎಂದರು.

ಸುಬೇದಾರರು ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ಕೈ ನಡುಗಿ ಅರ್ಧ ಕಾಳು ಮೊರಕ್ಕೆ, ಅರ್ಧ ನೆಲಕ್ಕೆ. ನಾನು ಸುತ್ತುಬಳಸಲಿಲ್ಲ. ಗೆರೆಗಳನ್ನು ಕೊರೆದು ತೆಗೆದುಬಿಟ್ಟಿದ್ದೇವೆ ಎಂದೆ. ಅವರ ಕೈ ಒಂದು ಕ್ಷಣ ನಿಂತಿತು. ಮತ್ತೆ ಕಾಯಿ ಬಿಡಿಸತೊಡಗಿದರು. ಬಯ್ದಿದ್ದರೆ ಸುಲಭವಾಗುತ್ತಿತ್ತು.

"ನಂಗೆ ಗೊತ್ತಿರೋದು ಎಲ್ರಿಗೂ ಗೊತ್ತಿರತ್ತೆ ಅಂದ್ಕೊಂಡೆ ನೋಡಿ, ಅದು ನನ್ನ ತಪ್ಪು," ಎಂದರು ಕೊನೆಗೆ. "ನಾಲ್ಕು ಗೆರೆ ಸಮ ದೂರದಲ್ಲಿ ಇರೋದು ನೋಡಿಯೂ ಒಂದು ಫೋನ್ ಮಾಡ್ಲಿಲ್ವಲ್ಲ, ಅದು ನಿಮ್ದು."

"ಹೌದು ಸರ್."

"ಅಳತೆ ಏನಾದ್ರೂ ಇದ್ಯಾ?"

ಕಾರ್ಡ್ ಕೊಟ್ಟೆ. ಅವರು ಭೂತಗನ್ನಡಿ ತರಿಸಿಕೊಂಡು ಅಂಕಿಗಳ ಮೇಲೆ ಒಂದೊಂದಾಗಿ ಆಡಿಸಿದರು. ಮೊದಲನೆಯದು ಚಿಕ್ಕದು, ಎರಡು ಮೂರು ನಾಲ್ಕಕ್ಕೆ ಏರಿ, ಐದರಿಂದ ಇಳಿಯುತ್ತದೆ. ಮೊದಲಿನ ಕೆಲವನ್ನು ನಾನು ತಪ್ಪು ಓದಿರಬೇಕು ಎಂದುಕೊಂಡಿದ್ದೆ.

"ತಪ್ಪಲ್ಲ. ಇಲ್ಲಿ ಹೊಟ್ಟೆ ಇರ್ಬೇಕು," ಎಂದರು. "ಹೊಡೆತ ಬಿದ್ದ ತಕ್ಷಣ ವೇಗ ಏರತ್ತೆ, ಆಗ ಎಣ್ಣೆಗೆ ಜಾಗ ಬೇಕು. ಆಮೇಲೆ ಕಮ್ಮಿ ಆಗ್ತಾ ಹೋಗ್ಬೇಕು. ಬರ್ದಿರೋದು ನಂಬಬಹುದು." ಅವರ ಮುಖ ಮೊದಲ ಸಲ ಸ್ವಲ್ಪ ಸಡಿಲಾಯಿತು. ಅಷ್ಟರಲ್ಲಿ ಭೂತಗನ್ನಡಿ ಹನ್ನೊಂದನೆಯ ಸಾಲಿಗೆ ಬಂತು.

"ಇದೇನಿದು ಗೀಟು?"

"ಮೇಲಿನದೇ ಅಂತ ಸರ್."

"ಮೇಲಿನದೇ ಅಂತ ಹೇಗೆ ಗೊತ್ತಾಯ್ತು?"

ಗೆರೆ ತೆಗೆದೆವೆಂದು ಹೇಳುವಾಗ ಇಷ್ಟು ಕಷ್ಟವಾಗಿರಲಿಲ್ಲ. ಅದು ಗೊತ್ತಿಲ್ಲದೆ ಮಾಡಿದ್ದು. ಇದು ಗೊತ್ತಿದ್ದೇ ಮಾಡಿದ್ದು. "ಅಳೀಲಿಲ್ಲ ಸರ್. ಸುಸ್ತಾಗಿತ್ತು," ಎಂದೆ.

ಅವರು ಕಾರ್ಡನ್ನು ಮಡಚಿ ನನ್ನ ಕೈಗೆ ಕೊಟ್ಟರು. "ಸುಸ್ತು ಎಲ್ರಿಗೂ ಆಗತ್ತಮ್ಮ. ಆದ್ರೆ ಖಾಲಿ ಬಿಡ್ಬೇಕಿತ್ತು. ಖಾಲಿ ಇದ್ರೆ ನೋಡಿದೋರು ಹೋಗಿ ಅಳೀತಾರೆ." ಮತ್ತೆ ಒಂದು ಕಾಯಿ ಎತ್ತಿಕೊಂಡರು. "ಮತ್ತೆ ಕೊರೀತೀರೋ, ಇಲ್ಲ ಲಾರಿ ಕಳಿಸ್ಲೋ?"

"ಕೊರೀತೀವಿ ಸರ್."

ಬಸ್ಸಿನಲ್ಲಿ ವಾಪಸ್ ಬರುವಾಗ, ಕೊರೆಯುತ್ತೇವೆಂದು ಯಾಕಾದರೂ ಹೇಳಿದೆನೋ ಎನಿಸಿತು. ಎಂಟು ಇಂಚಿನ ಲೆಕ್ಕ ಇಲ್ಲ. ಇರುವ ಒಂದೇ ಸಿಲಿಂಡರಿನಲ್ಲಿ ಊಹೆಯ ಮೇಲೆ ಹೇಗೆ ಕೊರೆಯುವುದು? ಇದನ್ನು ಭಾವನ ಮುಂದೆ ಹೇಳಿದಾಗ ಅವರು ಎದ್ದು ಲೇತಿನ ಬೆಡ್ಡಿನ ಪಕ್ಕಕ್ಕೆ ಕೈ ತೋರಿಸಿದರು. ಅಲ್ಲಿ ಸೀಮೆಸುಣ್ಣದ ಗುರುತುಗಳಿದ್ದವು, ಪ್ರತಿಯೊಂದರ ಕೆಳಗೆ ಒಂದರಿಂದ ಎಂಟರವರೆಗೆ ಅಂಕಿ.

ಕೊರೆಯುವಾಗ ಟಕ್ ಟಕ್ ಸದ್ದು ಎಲ್ಲಿ ಶುರುವಾಗಿ ಎಲ್ಲಿ ನಿಲ್ಲುತ್ತದೋ ಅಲ್ಲಿ ಗೀರು ಹಾಕುವುದು ಅವರ ರೂಢಿ, ಇನ್ನೆಷ್ಟು ಉಳಿದಿದೆ ಎಂದು ತಿಳಿಯಲು. ಕೆಲಸ ಗಿರಾಕಿಯ ಕೈ ಸೇರುವವರೆಗೆ ಒರೆಸುವುದಿಲ್ಲ. ಒಂದೊಂದು ಸುತ್ತಿನಲ್ಲೂ ಕಾಲು ಮಿಲಿಮೀಟರು ಕೊರೆದಿದ್ದರು. ಅಂದರೆ ಮೂರನೆಯ ಸುತ್ತಿನಲ್ಲಿ ಸದ್ದು ನಿಂತ ಜಾಗದಲ್ಲಿ ಗೆರೆಯ ಆಳ ಮುಕ್ಕಾಲು ಮಿಲಿಮೀಟರು. ನನ್ನ ಕಾರ್ಡಿನ ಜೊತೆ ಹೋಲಿಸಿದರೆ ಅಳೆದ ಕಡೆಯಲ್ಲೆಲ್ಲ ಸರಿಹೊಂದಿತು. ನನ್ನ ಗೀಟುಗಳ ಎಂಟು ಇಂಚಿನಲ್ಲಿ ಎರಡು ಗುರುತು ಸಿಕ್ಕವು. ಎರಡೇ. ನಡುವಿನದನ್ನು ಅಂದಾಜಿನಲ್ಲಿ ತುಂಬಬೇಕಾಯಿತು. ಒಂದು ಮಾತ್ರ ಖಚಿತವಾಯಿತು: ಅಲ್ಲಿ ಆಳ ಮೇಲಿನದೇ ಆಗಿರಲಿಲ್ಲ, ಇಳಿಯುತ್ತಲೇ ಇತ್ತು.

ಕೊರೆದದ್ದು ಹನ್ನೊಂದು ದಿನ. ಲೇತು ತಿರುಗಿಸುವ ಹಾಗಿಲ್ಲ. ಸರಳನ್ನು ಅಲುಗದಂತೆ ಬಿಗಿದು, ಟೂಲಿನ ಮೇಲೆ ಸಿಲಿಂಡರನ್ನು ಕ್ಯಾರೇಜ್ ಸಮೇತ ಕೈಯಿಂದ ಎಳೆಯಬೇಕು. ಒಂದು ಎಳೆತಕ್ಕೆ ಕಾಗದದ ಅರ್ಧ ದಪ್ಪದಷ್ಟು ಲೋಹ ಬರುತ್ತದೆ. ಪ್ರತಿ ಎಳೆತವೂ ಗೊತ್ತಾದ ಕಡೆ ಶುರುವಾಗಿ ಗೊತ್ತಾದ ಕಡೆ ನಿಲ್ಲಬೇಕು. ಮುಂದಿನದು ಅದಕ್ಕಿಂತ ಕೊಂಚ ಮೊದಲೇ ನಿಲ್ಲಬೇಕು. ನಾನು ಗುರುತು ನೋಡಿ "ಬಿಡಿ" ಎನ್ನುವುದು, ಭಾವ ಹಿಡಿ ಬಿಡುವುದು. ಒಂದು ಗೆರೆ ಮುಗಿದರೆ ಸಿಲಿಂಡರನ್ನು ಕಾಲು ಸುತ್ತು ತಿರುಗಿಸಿ ಮತ್ತೆ ಮೊದಲಿನಿಂದ. ಬಂದ ಗಿರಾಕಿಗಳು ಬೈದುಕೊಂಡು ಬೇರೆ ಶೆಡ್ಡಿಗೆ ಹೋದರು. ಆರನೆಯ ದಿನ ಭಾವ ಭುಜ ಎತ್ತಲಾಗದೆ, "ನಮ್ಮ ಶತ್ರೂನ ನಾವೇ ಸಾಕ್ತಾ ಇದ್ದೀವಲ್ಲ ತಾಯಿ," ಎಂದು ನಕ್ಕರು. ಆಮೇಲೆ ಎಳೆತಗಳು ನಿಂತ ಕಡೆ ಉಳಿದ ಮೆಟ್ಟಿಲುಗಳನ್ನು ಎಣ್ಣೆಕಲ್ಲಿನಿಂದ ತೀಡಿ ಇಳಿಜಾರು ಮಾಡಿದೆವು. ದೊಡ್ಡದಾದ ಒಳಗೋಡೆಗೆ ಸರಿಯಾಗಿ ಕಂಚಿನ ಹೊಸ ಪಿಸ್ಟನ್ನು. ಸೀಲಿಲ್ಲದ ಪಿಸ್ಟನ್ ಮಾಡಿ ಕೂರಿಸಿದ್ದು ಭಾವನ ಅನುಭವದಲ್ಲಿ ಅದೇ ಮೊದಲು. ಕೂರಿಸುವಾಗ ಅವರಿಗೆ ನಾಚಿಕೆಯೇ ಆಗುತ್ತಿತ್ತು.

ಜೋಡಣೆ ಮುಗಿದ ದಿನ ಸುಬೇದಾರರು ಬಂದರು. ಗಾಡಿ ಅಲುಗುತ್ತದೆಯೇ ನೋಡಲು ಒಂದು ಸ್ಟೀಲ್ ಲೋಟ ತರಿಸಿ, ಅಂಚಿನವರೆಗೆ ನೀರು ತುಂಬಿಸಿ, ಚಕ್ರದ ನೆತ್ತಿಯ ಕಬ್ಬಿಣದ ಪಟ್ಟಿಯ ಮೇಲೆ ಇಡಿಸಿದರು. ತಾವೇ ಇಡಲಿಲ್ಲ, ಕೈ ನಡುಗುತ್ತಿತ್ತು. ಭಾವ ಸರಪಳಿ ಎಳೆದರು. ಈ ಸಲ ಫಿರಂಗಿ ನಿಂತಲ್ಲೇ ನಿಂತಿತು, ಬ್ಯಾರೆಲ್ ಇಂಚಿಂಚಾಗಿ ಹಿಂದೆ ಬಂತು, ಸ್ಪ್ರಿಂಗು ನರಳಿತು. ಮೂರೂವರೆ ಅಡಿಗೆ ಕೊಕ್ಕೆ ಹಾಕಿ ನಿಲ್ಲಿಸಿ, ಕೊಕ್ಕೆಯ ಹಗ್ಗವನ್ನು ಸುಬೇದಾರರ ಕೈಗೆ ಕೊಟ್ಟೆವು. ಅವರು ಎಲ್ಲರನ್ನೂ ಪಕ್ಕಕ್ಕೆ ಸರಿಸಿ, ಹಗ್ಗ ಜಗ್ಗಿದರು.

ಬ್ಯಾರೆಲ್ ಮೆಲ್ಲಗೆ ಹೊರಟಿತು. ನಿಧಾನಕ್ಕೆ ವೇಗ ಹಿಡಿಯಿತು. ಅರ್ಧ ದಾರಿಯಲ್ಲಿ ಒಮ್ಮೆ ಸಣ್ಣಗೆ ತಡವರಿಸಿತು, ಯಾರೋ ತೋಳು ಮುಟ್ಟಿದಾಗ ನಾವು ತಿರುಗುವಷ್ಟು. ಮತ್ತೆ ಸಾಗಿ, ಕೊನೆಯ ಗೇಣಿನಲ್ಲಿ ವೇಗ ಇಳಿಸಿ, ಮೆತ್ತಗೆ ಹೋಗಿ ಕೂತಿತು. ಲೋಟದ ನೀರು ಮಧ್ಯದಲ್ಲಿ ಒಮ್ಮೆ ತುಳುಕಿ ಎರಡು ಹನಿ ಪಟ್ಟಿಯ ಮೇಲೆ ಬಿದ್ದಿತ್ತು. ಉಳಿದದ್ದು ಅಂಚಿನಲ್ಲೇ ಇತ್ತು.

ಸುಬೇದಾರರು ಬಹಳ ಹೊತ್ತು ಬ್ಯಾರೆಲ್ಲಿನ ಮೇಲೆ ಕೈಯಿಟ್ಟು ನಿಂತರು. ಆಮೇಲೆ ನನ್ನ ಕಡೆ ನೋಡಿ, "ಹನ್ನೊಂದರಿಂದ ಹದಿನಾಲ್ಕು, ಅಲ್ವಾ?" ಎಂದರು.

"ಹೌದು ಸರ್. ಬಿಚ್ಚಿ ಇನ್ನೊಂದ್ಸಲ ತೀಡ್ತೀವಿ."

"ಬೇಡ. ಊಹೆ ಮೇಲೆ ಎಷ್ಟು ಸಲ ತೀಡ್ತೀರಿ? ಮಕ್ಳಿಗೆ ತೊಂದ್ರೆ ಇಲ್ಲ. ಹಂಗೇ ಇರ್ಲಿ." ಲೋಟದ ನೀರನ್ನು ಅವರೇ ಎರಡೂ ಕೈಯಲ್ಲಿ ಹಿಡಿದು ಕುಡಿದರು. "ಆ ಕಾರ್ಡ್ ನಂಗೆ ಬೇಕು. ಇದ್ರ ಜೊತೆಗೇ ಇರತ್ತೆ. ಮುಂದೆ ಬಿಚ್ಚೋರು ನೋಡ್ಬೇಕು."

ಫೈಲಿನಿಂದ ಕಾರ್ಡ್ ತಂದೆ. ಗೀಟುಗಳನ್ನು ಹೊಡೆದುಹಾಕಿ, ಪಕ್ಕದಲ್ಲಿ ಈಗ ಕೊರೆದ ಅಳತೆ ಬರೆದು, "ಅಂದಾಜು" ಎಂದು ಸೇರಿಸಿದೆ. ಅವರು ಕೊನೆಯ ಕಾಲಮ್ಮಿನ ಮೇಲೆ ಬೆರಳಿಟ್ಟರು. "ಸಿಲಿಂಡರ್ ಕೆಟ್ಟಿದೆ" ಎಂಬುದನ್ನು ಹೊಡೆದುಹಾಕಿ ಅದರ ಕೆಳಗೆ ಬರೆದೆ: "ಸಿಲಿಂಡರ್ ಸರಿಯಾಗಿತ್ತು. ಕೆಡಿಸಿದವರು ನಾವು. ಮತ್ತೆ ಕೊರೆದಿದ್ದೇವೆ." ಸಹಿ ಹಾಕಿದೆ. ಭಾವ ಕೈಯನ್ನು ಹತ್ತಿಬಟ್ಟೆಗೆ ಎರಡು ಸಲ ಒರೆಸಿಕೊಂಡು, ಪೆನ್ನು ಕೇಳಿ ಪಡೆದು, ನನ್ನ ಸಹಿಯ ಪಕ್ಕದಲ್ಲಿ ತಮ್ಮದನ್ನೂ ಹಾಕಿದರು.